ಸೋಮವಾರದ ಗಾಲಿ

ನನ್ನ ಬಾಯಿ ದೊಡ್ಡದು. ದೇಶನೂರಿನಲ್ಲಿ ಯಾರ ಮುಂದಾದರೂ ಅಕ್ಕನಾಗಮ್ಮ ಎಂದು ನೋಡಿ, "ಅಯ್ಯೋ, ಆ ಬಾಯಿಬಡುಕಿನಾ?" ಎನ್ನುತ್ತಾರೆ. ಅನ್ನಲಿ ಬಿಡಿ. ನನ್ನ ಅಪ್ಪನಿಗೆ, ನನ್ನ ಗಂಡನಿಗೆ, ನನಗೆ, ಮೂವರಿಗೂ ಹಂಚಬೇಕಾಗಿದ್ದ ಬಾಯಿಯನ್ನು ದೇವರು ನನ್ನೊಬ್ಬಳಿಗೇ ಕೊಟ್ಟುಬಿಟ್ಟ. ಅವರಿಬ್ಬರೂ ಆಡಬೇಕಾದ ಹೊತ್ತಿನಲ್ಲಿ ಎರಡು ಮಾತು ಆಡಿದ್ದರೆ ನನ್ನ ಗೆಳತಿ ಹೊನ್ನೂರಮ್ಮ ಇವತ್ತು ನನ್ನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು.

ನನ್ನ ಅಪ್ಪ ಗವಿಸಿದ್ದಪ್ಪ, ಹಾಲಸಿದ್ದಪ್ಪಗೌಡರ ಮನೆಯಲ್ಲಿ ಎತ್ತು ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುತ್ತಿದ್ದ ಎಂದರೆ ಸಾಲದು. ನನ್ನ ಅವ್ವ ಸತ್ತ ದಿನವೂ ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ, ನೇರ ಗ್ವಾದಲಿಗೆ ಹೋಗಿ ಎತ್ತುಗಳಿಗೆ ಮೇವು ಹಾಕಿದ ಮನುಷ್ಯ ಅವನು. ನನಗೆ ಆಗ ಹೊಟ್ಟೆ ಉರಿದುಹೋಗಿತ್ತು. ಸೋಮವಾರ ಬಂತೆಂದರೆ ಅವನಿಗೆ ಹಬ್ಬ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅವತ್ತು ಅಪ್ಪ ಎತ್ತುಗಳನ್ನು ಕಾಲುವೆಗೆ ಹೊಡೆದುಕೊಂಡು ಹೋಗಿ, ಎದೆಮಟ್ಟ ನೀರಲ್ಲಿ ನಿಲ್ಲಿಸಿ, ಹುಲ್ಲಿನ ಸಿಂಬೆಯಿಂದ ಮೈ ಉಜ್ಜಿ, ಹಣೆಗೆ ವಿಭೂತಿ ಹಚ್ಚಿ, ಗೌಡರ ಓಣಿಯಲ್ಲಿ ಮೆರವಣಿಗೆ ಮಾಡಿಸಿದಂತೆ ಕರೆತರುತ್ತಿದ್ದ. ಗೌಡರ ಮನೆಯಲ್ಲಿ ಸೋಮವಾರ ಎತ್ತಿಗಷ್ಟೇ ಅಲ್ಲ, ನೇಗಿಲು ಕುಡುಗೋಲಿಗೂ ಬಿಡುವು. ಕಬ್ಬಿಣ ಎತ್ತುವಂತಿಲ್ಲ.

ಕಾಲುವೆ ನೀರು ಬಂದು, ನೆಲ್ಲು ಹೆಚ್ಚಿ, ಗೌಡರ ಕೈ ಬಲಿತ ಮೇಲೆ ಎತ್ತುಗಳು ಹೋದವು, ಟ್ರ್ಯಾಕ್ಟರ್ ಬಂತು. ಹಿಂದೆಯೇ ಎರಡು ಗಾಲಿಯ ಒಂದು ಟ್ರೇಲರ್. ಎತ್ತು ಮಾರಿದ ದಿನ ಅಪ್ಪ ಅನ್ನ ಮುಟ್ಟಲಿಲ್ಲ. ಗೌಡರಿಗೆ ಅವನನ್ನು ಬಿಡಿಸಲು ಮನಸ್ಸಾಗಲಿಲ್ಲ. "ಗವಿಸಿದ್ದ, ಇನ್ಮ್ಯಾಲೆ ಟ್ರೇಲರ ನಿನ್ನ ಎತ್ತು ಅನ್ಕೋ. ನೀನ ನೋಡ್ಕೋ" ಎಂದರು. ಗೌಡರು ಮಾತಿಗೆ ಅಂದದ್ದು. ಅಪ್ಪ ಅದನ್ನು ಮಂತ್ರದಂತೆ ಹಿಡಿದುಬಿಟ್ಟ.

ಟ್ರ್ಯಾಕ್ಟರ್ ಓಡಿಸುತ್ತಿದ್ದವನು ನನ್ನ ಗಂಡ ಕೊಟ್ರಬಸಪ್ಪ. ತಾಯಿತಂದೆ ಇಲ್ಲದವನು, ಬಳ್ಳಾರಿಯಲ್ಲಿ ಲಾರಿಯ ಕ್ಲೀನರಾಗಿ ಬೆಳೆದವನು. ಅಪ್ಪನಿಗೆ ಗಂಡುಮಕ್ಕಳಿಲ್ಲದ್ದಕ್ಕೆ ಅವನನ್ನು ಮನೆ ಅಳಿಯನಾಗಿ ತಂದುಕೊಂಡಿದ್ದ. ನಮ್ಮ ಸೀಮೆಯಲ್ಲಿ ತೆಲುಗಿನವರ ಹಾಗೆ ಇಲ್ಲಟ ಎನ್ನುತ್ತೇವೆ. ಇಲ್ಲಟ ಬಂದ ಅಳಿಯನ ಪಾಡು ಗೊತ್ತಲ್ಲ? ಮಾವನ ಸೂರು, ಮಾವನ ಗಂಗಾಳ. ಮಾವನ ಎದುರು ತಲೆ ಎತ್ತುವಂತಿಲ್ಲ. ನನ್ನ ಗಂಡ ಮೊದಲೇ ಮೆತ್ತಗಿನ ಪ್ರಾಣಿ, ಅದರ ಮೇಲೆ ಇಲ್ಲಟ ಬೇರೆ.

ಮೊದಲ ಸೋಮವಾರ ಬಂತು. ಅಪ್ಪ ಅಳಿಯನಿಗೆ, "ಗಾಡಿ ಹಚ್ಚಪಾ, ಕಾಲುವಿಗಿ ಹೋಗೂನು" ಎಂದ. ಎಮ್ಮೆ ಇಳಿಸುವ ಜಾಗದಲ್ಲಿ ಟ್ರೇಲರನ್ನು ಹಿಂದಕ್ಕೆ ಬಿಡಿಸಿ, ಗಾಲಿಯ ನಡುಮಟ್ಟಕ್ಕಿಂತ ಮೇಲೆ ನೀರು ಬರುವ ತನಕ ಇಳಿಸಿದ. ಅದೇ ಹುಲ್ಲಿನ ಸಿಂಬೆ, ಅದೇ ಉಜ್ಜಾಟ. ಹೊತ್ತೇರುವ ತನಕ ನೀರಲ್ಲೇ ನಿಲ್ಲಿಸಿದ. ಆಮೇಲೆ ದಂಡೆಗೆ ಎಳೆಸಿ, ಬಂಡಿಗೆ ಹಾಕುತ್ತಾರಲ್ಲ ಕೀಲೆಣ್ಣೆ, ಹರಳೆಣ್ಣೆಗೆ ಹುಲ್ಲು ಸುಟ್ಟ ಬೂದಿ ಕಲಸಿದ್ದು, ಅದನ್ನು ಗಾಲಿಯ ಮುಚ್ಚಳದ ಸುತ್ತ ಸುರಿದ. ವಿಭೂತಿ ಹಚ್ಚಿದ. ಹೊನ್ನೂರಮ್ಮ ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನನ್ನ ಜೊತೆ ನಾಟಿಗೆ, ಕಳೆಗೆ ಬರುವ ಹುಡುಗಿ, ಯಾರನ್ನೂ ಕಾಡದೆ ಬಿಡುವವಳಲ್ಲ. "ತಾತಾ, ನಿನ್ನ ಎತ್ತಿಗಿ ಬಾಲ ಎಲ್ಲೈತೋ? ನೊಣ ಹೊಡ್ಕಳ್ಳಾದು ಹ್ಯಾಂಗ?" ಎಂದು ಕೂಗಿದಳು. ಅಪ್ಪ ನಕ್ಕು, "ಸುಮ್ಕಿರ್ಲೇ ಹುಚ್ಚಿ" ಎಂದ. ನಾನೂ ನಕ್ಕೆ. ಯಾರಿಗೂ ಅದು ತಪ್ಪು ಎನಿಸಲಿಲ್ಲ, ನನ್ನ ಗಂಡನೊಬ್ಬನನ್ನು ಬಿಟ್ಟು.

ಅವತ್ತು ಉಣ್ಣುವಾಗ ಅವನು ನನಗೆ ಹೇಳಿದ. ಟ್ರೇಲರಿನ ಗಾಲಿ ಬಂಡಿ ಗಾಲಿಯಲ್ಲ. ಅದರ ನಡುವೆ ಹಬ್ ಅಂತ ಒಂದು ದಪ್ಪ ಭಾಗ ಇರುತ್ತದೆ, ಅದರೊಳಗೆ ಬೇರಿಂಗ್. ಬೇರಿಂಗಿನಲ್ಲಿ ಬೆರಳಿನಂಥ ಉಕ್ಕಿನ ತುಂಡುಗಳು ಗ್ರೀಸಿನಲ್ಲಿ ಮುಳುಗಿ ತಿರುಗುತ್ತವೆ. ಅದಕ್ಕೆ ನೀರು ತಾಗಬಾರದು. ತಾಗಿದರೆ ಗಾಲಿ ಬಿಚ್ಚಿ, ಬೇರಿಂಗ್ ಹೊರತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ಒತ್ತಿ ಒತ್ತಿ ತುಂಬಬೇಕು. ಬ್ರೇಕಿನ ಡ್ರಮ್ ಕೂಡ ಅಲ್ಲೇ ಇರುವುದು. ಅದರೊಳಗೆ ಕೆಸರು ನೀರು ಹೊಕ್ಕರೆ, ಡ್ರೈವರು ಕೂತಲ್ಲಿಂದ ಬ್ರೇಕಿನ ಹಗ್ಗ ಎಷ್ಟು ಜಗ್ಗಿದರೂ ಅದು ಹಿಡಿಯುವುದಿಲ್ಲ.

"ಹಂಗಾರ ಬಿಚ್ರಿ. ಯಾರ್ ಬ್ಯಾಡಂದ್ರು?" ಎಂದೆ.

"ಯಾವಾಗ ಬಿಚ್ಚಲಿ? ಉಳಿದ ದಿನ ಗಾಡಿ ಹೊಲ್ದಾಗ, ರಸ್ತ್ಯಾಗ. ಖಾಲಿ ನಿಲ್ಲಾದು ಸೋಮಾರ ಒಂದ. ಸೋಮಾರ ಬೋಲ್ಟ್ ಬಿಚ್ಚಾ ಪಾನಾ ಮುಟ್ಟಂಗಿಲ್ಲ, ಅದೂ ಕಬ್ಬಿಣ ಅಲ್ಲೇನು?"

ನೋಡಿ, ಹೀಗೆ ಸಿಕ್ಕಿಕೊಂಡಿತ್ತು. ಬಿಚ್ಚಲು ಇದ್ದದ್ದು ಒಂದೇ ದಿನ, ಆ ದಿನವೇ ಬಿಚ್ಚುವಂತಿಲ್ಲ. ಬಿಚ್ಚುವುದಿರಲಿ, ಆ ದಿನವೇ ನೀರಿಗೆ ಇಳಿಸುವುದು. ಅವನು ಒಮ್ಮೆ ಧೈರ್ಯ ಮಾಡಿ ಅಪ್ಪನ ಮುಂದೆ ಬಾಯಿ ಬಿಟ್ಟ. "ಮಾವಾ, ಗಾಲಿ ಒಮ್ಮಿ ಬಿಚ್ಚಿ ನೋಡಬೇಕ್ರಿ." ಅಪ್ಪ ಕಣ್ಣು ಕೆಂಪಗೆ ಮಾಡಿ, "ಬಿಡುವಿನ ದಿನ ಮಲಗಿದ ಎತ್ತಿನ ಹೊಟ್ಟಿ ಸೀಳತಾರೇನಲೇ?" ಎಂದ. ಮುಗಿಯಿತು. ನಾನು ಜಗಳಕ್ಕೆ ಹೋದರೆ ನನ್ನ ಗಂಡನೇ ನನ್ನ ಕೈ ಹಿಡಿದು ಒಳಗೆ ಎಳೆದ. "ಬ್ಯಾಡ, ಮುದುಕಗ ನೋವಾಕ್ಕತಿ. ನಾನು ದಾರ್‍ಯಾಗ ನೋಡ್ಕೊಂತೀನಿ."

ದಾರಿಯಲ್ಲಿ ನೋಡಿಕೊಳ್ಳುವುದು ಎಂದರೆ ಇಷ್ಟು. ಎಲ್ಲಿ ನಿಂತರೂ ಇಳಿದು, ಎರಡೂ ಗಾಲಿಯ ಹಬ್ ಮೇಲೆ ಅಂಗೈ ಇಡುತ್ತಿದ್ದ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ತಾಳದಷ್ಟು ಬಿಸಿಯಿದ್ದರೆ ಒಳಗೆ ಬೇರಿಂಗ್ ಸಾಯುತ್ತಿದೆ ಎಂದು ಅರ್ಥ. ಆಗ ಒಂದು ಹೆಜ್ಜೆಯೂ ಮುಂದೆ ಹೋಗಬಾರದು.

ಹೀಗೇ ಕೆಲವು ವರ್ಷ ನಡೆಯಿತು. ಎಮರ್ಜೆನ್ಸಿ ಮುಗಿದ ವರ್ಷದ ಸುಗ್ಗಿ. ಮಂಗಳವಾರ ಬೆಳಿಗ್ಗೆ ಕುರುಗೋಡಿನ ಮಿಲ್ಲಿಗೆ ನೆಲ್ಲು ಹೇರಿದರು. ಹಿಂದಿನ ದಿನ ಸಂಜೆಯ ತನಕ ಟ್ರೇಲರ್ ಕಾಲುವೆಯಲ್ಲೇ ನಿಂತಿತ್ತು, ಗಾಲಿಯಿಂದ ಇನ್ನೂ ನೀರು ಇಳಿಯುತ್ತಿತ್ತು. ಕುರುಗೋಡಿನಲ್ಲಿ ತನ್ನ ಅಕ್ಕ ಹೆತ್ತಿದ್ದಾಳೆ, ಮಗು ನೋಡಿ ಬರುತ್ತೇನೆ ಎಂದು ಹೊನ್ನೂರಮ್ಮ ಚೀಲಗಳ ಮೇಲೆ ಹತ್ತಿ ಕೂತಳು. ನನ್ನನ್ನೂ ಕರೆದಳು. ಮನೆಯಲ್ಲಿ ಜೋಳ ಬೀಸುವುದಿತ್ತು, ಹೋಗಲಿಲ್ಲ. ಗೌಡರು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತರು.

ಆಮೇಲಿನದು ನನ್ನ ಗಂಡ ಹೇಳಿದ್ದು. ಕುರುಗೋಡಿನ ಗುಡ್ಡ ಕಾಣುವ ಹೊತ್ತಿಗೆ ಹಿಂದಿನಿಂದ ಹಲ್ಲು ಕಡಿದಂತೆ ಕಿರುಗುಟ್ಟುವ ಸದ್ದು ಬಂತು. "ಗೌಡ್ರ, ಒಂದೀಟು ನಿಲ್ಲಸ್ತೀನ್ರಿ, ಗಾಲಿ ಮುಟ್ಟಿ ನೋಡಬೇಕು" ಎಂದ. ಗೌಡರು, "ನಡೀಲೇ, ಮಿಲ್ಲಿನ ಮುಂದ ಗಾಡಿ ಸಾಲು ಹತ್ತತಾವು. ನಿನ್ನೆ ತಾನ ತೊಳ್ದೈತಿ, ಏನಾಕ್ಕತಿ ಅದಕ್ಕ?" ಎಂದರು. ಇವನು ನಿಲ್ಲಿಸಲಿಲ್ಲ. ಇಳಿಜಾರು ಬಂತು. ಹಿಂದಿನ ಭಾರ ಟ್ರ್ಯಾಕ್ಟರನ್ನು ನೂಕತೊಡಗಿತು. ಟ್ರೇಲರಿನ ಬ್ರೇಕಿನ ಹಗ್ಗ ಜಗ್ಗಿದ. ಹಗ್ಗ ಬಂತು, ಬ್ರೇಕ್ ಹಿಡಿಯಲಿಲ್ಲ. ಮತ್ತೆ ಜಗ್ಗುವಷ್ಟರಲ್ಲಿ ಎಡಗಡೆಯ ಗಾಲಿ ಕಿತ್ತುಕೊಂಡು, ಟ್ರ್ಯಾಕ್ಟರಿಗಿಂತ ಮುಂದೆ ಉರುಳಿ ಹೋಯಿತು. ತನ್ನ ಗಾಲಿ ತನ್ನ ಮುಂದೆ ಓಡುವುದನ್ನು ಅವನು ನೋಡಿದ. ಟ್ರೇಲರ್ ಮಗ್ಗುಲಾಯಿತು. ಚೀಲಗಳ ಅಡಿಯಿಂದ ಹೊನ್ನೂರಮ್ಮನನ್ನು ತೆಗೆಯುವ ಹೊತ್ತಿಗೆ ಉಸಿರು ಇರಲಿಲ್ಲ. ಮಗುವಿಗೆಂದು ಹೊಲಿದಿದ್ದ ಕುಲಾವಿ ಅವಳ ಸೊಂಟದಲ್ಲೇ ಇತ್ತು.

ಪೊಲೀಸರು ನನ್ನ ಗಂಡನನ್ನು ಕುರುಗೋಡಿನ ಠಾಣೆಯಲ್ಲಿ ಕೂರಿಸಿದರು. ಊರಲ್ಲಿ ಮಾತು ಎದ್ದಿತು. ಕುಡಿದಿದ್ದನಂತೆ, ನಿದ್ದೆಗಣ್ಣಲ್ಲಿದ್ದನಂತೆ, ಜೋರು ಬಿಟ್ಟಿದ್ದನಂತೆ. ಜೀವಮಾನದಲ್ಲಿ ಸೇಂದಿ ಮೂಸದ ಮನುಷ್ಯ! ಹೀಗೆ ಅಂದವರ ಮನೆ ಮುಂದೆ ನಿಂತು ಹೆಸರು ಹಿಡಿದು ಬೈದು ಬಂದೆ. ಬೈದು ಏನು ಬಂತು? ಗಂಡ ಒಳಗೇ ಇದ್ದ.

ಮೋಟಾರು ಇನ್ಸ್‌ಪೆಕ್ಟರು ಗಾಡಿ ಪರೀಕ್ಷೆಗೆ ಬರುವ ದಿನ ನಾನು ಅಪ್ಪನನ್ನು ರಟ್ಟೆ ಹಿಡಿದು ಕುರುಗೋಡಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನದು ಒಂದೇ ಮಾತು. "ನಾನು ಅದನ್ನ ಮಗನಂಗ ನೋಡ್ಕೊಂಡೀನಿ. ಒಂದು ಸೋಮಾರ ಬಿಟ್ಟಿಲ್ಲ." ನನಗೆ ಅವನ ಬಾಯಿ ಹೊಲಿಯಬೇಕು ಎನಿಸುತ್ತಿತ್ತು.

ಠಾಣೆಯ ಅಂಗಳದಲ್ಲಿ ಟ್ರೇಲರ್ ಕಲ್ಲಿನ ಮೇಲೆ ಕೂತಿತ್ತು. ಇನ್ನೊಂದು ಗಾಲಿ ಗಟ್ಟಿಯಾಗೇ ಇತ್ತು. ಇನ್ಸ್‌ಪೆಕ್ಟರು ಅದನ್ನು ಬಿಚ್ಚಿಸಿದರು. ಮುಚ್ಚಳ ತೆಗೆದ ಕೂಡಲೇ ಒಳಗಿಂದ ಕಂದು ನೀರು ಜಿನುಗಿತು. ಆಮೇಲೆ ಕೆಸರು. ಆಮೇಲೆ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡ ಉಕ್ಕಿನ ತುಂಡುಗಳು. ಗ್ರೀಸಿನ ಸುಳಿವೇ ಇರಲಿಲ್ಲ. ಅಷ್ಟು ವರ್ಷ ಆ ಗಾಲಿಯ ಮೈ ಉಜ್ಜಿದ ಅಪ್ಪ, ಅದರ ಹೊಟ್ಟೆಯನ್ನು ಅವತ್ತೇ ಮೊದಲು ನೋಡಿದ್ದು. ಬಗ್ಗಿ, ಬೆರಳಲ್ಲಿ ಒಂದಿಷ್ಟು ಕೆಸರು ತೆಗೆದು ತಿಕ್ಕಿದ. ಮೂಸಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ನಮ್ಮ ಕಾಲುವೆಯ ಮಣ್ಣು ಅವನಿಗೆ ಗೊತ್ತು, ತಾನು ಕಲಸಿದ ಕೀಲೆಣ್ಣೆಯ ವಾಸನೆಯೂ ಗೊತ್ತು.

"ನಾಗವ್ವಾ," ಎಂದ, "ಇದು ನಾ ಹಾಕಿದ್ದು."

"ಹೂಂ ಅಪ್ಪಾ, ನೀನ ಹಾಕಿದ್ದು" ಎಂದೆ. ಕರುಣೆ ತೋರಿಸಲು ನನಗೆ ಆಗಲಿಲ್ಲ. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಜಾಮೀನಿನ ಮೇಲೆ ನನ್ನ ಗಂಡ ಹೊರಬಂದ. ಗೌಡರು ಹೊಸ ಬೇರಿಂಗ್ ಹಾಕಿಸಿ ಟ್ರೇಲರ್ ಬಿಡಿಸಿಕೊಂಡರು, ರಾರಾವಿಯ ಎರ್ರೆಪ್ಪನನ್ನು ಡ್ರೈವರಾಗಿ ಇಟ್ಟುಕೊಂಡರು. ಸೋಮವಾರ ಬಂತು. ಅಪ್ಪ ಗೌಡರ ಮುಂದೆ ಕೈ ಮುಗಿದು, "ನೀರಿಗಿಳಿಸಾದು ಬ್ಯಾಡ್ರಿ ಗೌಡ್ರ. ನೀರ ಅದನ್ನ ಕೊಂದಿದ್ದು. ಸೋಮಾರ ಬಿಚ್ಚಿ ಗ್ರೀಸ್ ಹಾಕೂನ್ರಿ" ಎಂದ. ಸೋಮವಾರ ಕಬ್ಬಿಣ ಮುಟ್ಟುತ್ತೇನೆ ಎಂದು ನನ್ನ ಅಪ್ಪ ಹೇಳಿದ್ದು! ಸೂರ್ಯ ಪಡುವಣಕ್ಕೆ ಹುಟ್ಟಿದ್ದರೂ ನನಗೆ ಅಷ್ಟು ಸೋಜಿಗ ಆಗುತ್ತಿರಲಿಲ್ಲ. ಗೌಡರು ಕೆಟ್ಟವರಲ್ಲ, ಆದರೆ ಅವರ ವಕೀಲರು ಕಿವಿ ಊದಿದ್ದರು. ಈಗ ತೊಳೆಯುವುದು ಬಿಟ್ಟರೆ ತಪ್ಪು ಒಪ್ಪಿಕೊಂಡಂತೆ, ವಾರವಾರ ತೊಳೆಯುವುದೇ ಚೆನ್ನಾಗಿ ನೋಡಿಕೊಂಡದ್ದಕ್ಕೆ ಸಾಕ್ಷಿ. "ವಯಸ್ಸಾತು ಗವಿಸಿದ್ದ, ಇನ್ನ ಮನ್ಯಾಗಿರು" ಎಂದರು. ಎರ್ರೆಪ್ಪ ಟ್ರೇಲರನ್ನು ಕಾಲುವೆಗೆ ಇಳಿಸಿದ.

ಎರಡು ಸುಗ್ಗಿ ಕಳೆದ ಮೇಲೆ ಬಳ್ಳಾರಿಯ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಬೇರಿಂಗ್ ತುಕ್ಕು ಹಿಡಿದು ಮುರಿದಿತ್ತು, ಬ್ರೇಕಿನಲ್ಲಿ ನೀರಿತ್ತು ಎಂದು ಇನ್ಸ್‌ಪೆಕ್ಟರು ಇದ್ದದ್ದನ್ನೇ ಹೇಳಿದರು. ಗೌಡರು ಬಂದು ನಿಂತರು. "ಸ್ವಾಮಿ, ನಮ್ಮ ಮನ್ಯಾಗ ಟ್ರೇಲರನ್ನ ಬಸವಣ್ಣನಂಗ ನೋಡ್ಕೊಂತೀವಿ. ವಾರ ವಾರ ತೊಳೀತೀವಿ, ಎಣ್ಣಿ ಹಾಕತೀವಿ. ಊರ ಮಂದಿನ್ನ ಕೇಳ್ರಿ." ಊರಿನವರನ್ನು ಕೇಳಿದರು. ಹೌದು, ವಾರ ವಾರ ತೊಳೆಯುತ್ತಾರೆ ಎಂದರು. ಸುಳ್ಳಲ್ಲವಲ್ಲ! ದಾರಿಯಲ್ಲಿ ನಿಲ್ಲಿಸಬೇಡ ಎಂದದ್ದನ್ನು ಮಾತ್ರ ಗೌಡರು ಹೇಳಲಿಲ್ಲ.

ಜಡ್ಜು ನನ್ನ ಗಂಡನನ್ನು ಕೇಳಿದರು. "ಬೇರಿಂಗ್ ಬಿಚ್ಚಿ ನೋಡಬೇಕು ಎಂದು ನಿನಗೆ ಗೊತ್ತಿತ್ತೇ?"

"ಗೊತ್ತಿತ್ರಿ."

"ಮತ್ತೆ ಯಾಕೆ ಬಿಚ್ಚಲಿಲ್ಲ?"

ಅವನು ಅಪ್ಪನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಹೇಳ್ರೀ, ಹೇಳ್ರೀ ಎಂದು ನಾನು ಬೆಂಚಿನಿಂದ ಕೈಸನ್ನೆ ಮಾಡುತ್ತಿದ್ದೆ. ಒಂದೇ ಮಾತು, ಮಾವ ಬಿಡಲಿಲ್ಲ ಎಂದರೆ ಆಯಿತು. ಆ ಒಂದು ಮಾತನ್ನು ಅವನು ಆಡಲಿಲ್ಲ.

ಆಗ ಬೆಂಚಿನಿಂದ ಅಪ್ಪ ಎದ್ದ. "ನಾನ್ರಿ ಬಿಡಲಾರ್ದವ! ನೀರಿಗಿ ಇಳಿಸಿದಾವ ನಾನು, ಕೀಲೆಣ್ಣಿ ಸುರದಾವ ನಾನು. ಹುಡುಗ ಹೇಳಿದ್ದ, ನಾ ಕೇಳಲಿಲ್ಲ. ನನ್ನ ಒಳಗ ಹಾಕ್ರಿ!"

ಆಮೇಲೆ ಸರ್ಕಾರದ ಕಡೆಯ ವಕೀಲರು, ಬೈದಿದ್ದರೂ ತಾಳಿಕೊಳ್ಳಬಹುದಿತ್ತು, ಮೆಲ್ಲಗೆ ಕೇಳಿದರು. "ಅಜ್ಜಾ, ಇವನು ನಿನಗೇನಾಗಬೇಕು?"

"ಅಳಿಯ್ರಿ. ಮನಿ ಅಳಿಯ."

"ಒಬ್ಬಳೇ ಮಗಳಾ?"

"ಒಬ್ಬಾಕಿನ್ರಿ."

ವಕೀಲರು ಮುಂದೆ ಏನೂ ಕೇಳದೆ ಜಡ್ಜಿನ ಕಡೆ ನೋಡಿದರು. ಜಡ್ಜು ಅಪ್ಪನನ್ನು ಮರುಕದಿಂದ ನೋಡಿ, "ಕೂತುಕೋ ಅಜ್ಜಾ" ಎಂದರು. ನನ್ನ ಅಪ್ಪ ಬದುಕಿನಲ್ಲಿ ಆಡಿದ ಅತಿ ಕಷ್ಟದ ಸತ್ಯ, ಮಗಳ ತಾಳಿ ಉಳಿಸಲು ಮುದುಕನೊಬ್ಬ ಹೇಳಿದ ಸುಳ್ಳಾಗಿ ಹೋಯಿತು. ನನ್ನ ಗಂಡನಿಗೆ ಒಂದು ವರ್ಷ ಶಿಕ್ಷೆಯಾಯಿತು.

ಅವತ್ತಿನಿಂದ ಅಪ್ಪ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಗಾದರೆ ಊರಬಾಗಿಲ ಅಗಸಿಯ ಕಟ್ಟೆಗೆ ಹೋಗಿ ಕೂರುತ್ತಿದ್ದ. ದೂರದ ಗದ್ದೆಯಿಂದ ಹುಲ್ಲು ಹೇರಿಕೊಂಡು ಬರುವ ಗೌಡರ ಟ್ರೇಲರ್ ಅಲ್ಲಿ ನಿಲ್ಲುತ್ತಿತ್ತು, ಸಿರುಗುಪ್ಪಕ್ಕೆ ಹೋಗುವ ಹೆಂಗಸರು ಅಲ್ಲಿ ಹತ್ತುತ್ತಿದ್ದರು. ನಿಂತ ಕೂಡಲೇ ಅಪ್ಪ ಎದ್ದು ಹೋಗಿ ಎರಡೂ ಗಾಲಿಯ ಹಬ್ ಮೇಲೆ ಅಂಗೈ ಇಡುತ್ತಿದ್ದ. ಮುದುಕ ತನ್ನ ಎತ್ತಿಗೆ ನಮಸ್ಕಾರ ಮಾಡುತ್ತಾನೆ ಎಂದು ಜನ ತಿಳಿದರು. ಎಲ್ಲಮ್ಮ ಅಂತ ಒಬ್ಬಳು, ತಾನೂ ಗಾಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತುತ್ತಿದ್ದಳು. ನಾನು ನೋಡಿದಾಗೆಲ್ಲ, "ಏ ಎಲ್ಲವ್ವಾ, ಅದು ದೇವರಲ್ಲೇ, ಇಳೀ, ನಡ್ಕೊಂತ ಹೋಗು! ಹೊನ್ನೂರಿ ಹೋಗಿದ್ದು ಸಾಲದೇನು?" ಎಂದು ಕೂಗುತ್ತಿದ್ದೆ. ಅವರು ನಗುತ್ತಿದ್ದರು. ಬಾಯಿಬಡುಕಿಯ ಮಾತು ಯಾರು ಕೇಳುತ್ತಾರೆ?

ಹೀಗೇ ಒಂದು ಮಂಗಳವಾರ. ಟ್ರೇಲರ್ ನಿಂತಿತು, ಹೆಂಗಸರು ಹತ್ತಿದರು. ನಾನು ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದೆ. ಅಪ್ಪ ಎಡಗಾಲಿಯ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ. ಚುರ್ ಎಂದ ಸದ್ದು ನನಗೆ ಕೇಳಿಸಿದ್ದು ನಿಜವೋ ಸುಳ್ಳೋ ನಾ ಕಾಣೆ. ಕೈ ತೆಗೆದು, ಗಾಲಿಯ ಮುಂದೆ ಹೋಗಿ, ನೆಲದ ಮೇಲೆ ಅಡ್ಡಡ್ಡ ಮಲಗಿಬಿಟ್ಟ.

"ಏ ಮುದುಕಾ, ಏಳಾ!" ಎಂದು ಎರ್ರೆಪ್ಪ ಕಿರುಚಿದ. ಅಪ್ಪ ಮಲಗಿದಲ್ಲಿಂದಲೇ ಅಂಗೈ ಮೇಲೆತ್ತಿ ಹೆಂಗಸರಿಗೆ ತೋರಿಸಿದ. ಚರ್ಮ ಸುಲಿದು ಕೆಂಪು ಮಾಂಸ ಕಾಣುತ್ತಿತ್ತು. ಮೊದಲು ಇಳಿದವಳು ಎಲ್ಲಮ್ಮ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಎರ್ರೆಪ್ಪ ಬೈಯುತ್ತ ಬಂದು ತಾನೂ ಹಬ್ ಮುಟ್ಟಿ, ಕೈ ಕಿತ್ತುಕೊಂಡು, ಬಾಯಿ ಮುಚ್ಚಿದ. ಅವತ್ತು ಟ್ರೇಲರ್ ಅಗಸಿಯಲ್ಲೇ ನಿಂತಿತು. ನಾನು ಕೊಡ ಅಲ್ಲೇ ಒಗೆದು ಅಪ್ಪನನ್ನು ಎಬ್ಬಿಸಿದೆ. ಅವನ ಮೇಲೆ ನನಗಿದ್ದ ಸಿಟ್ಟು ಅಷ್ಟು ದಿನ ಹೇಗೆ ಗಟ್ಟಿಯಾಗಿತ್ತೋ, ಅವತ್ತು ಹೇಗೆ ಕರಗಿತೋ, ಎದೆಗವಚಿಕೊಂಡು ಬೀದಿಯಲ್ಲೇ ಅತ್ತೆ.

ಆ ವಾರ ಬಳ್ಳಾರಿಯ ಜೈಲಿಗೆ ಹೋದಾಗ ಅಪ್ಪನನ್ನೂ ಕರೆದುಕೊಂಡು ಹೋದೆ. ನನ್ನ ಗಂಡ ಸೊರಗಿದ್ದ. ನನ್ನನ್ನು ನೋಡುವ ಮೊದಲು ಅಪ್ಪನ ಕೈಗೆ ಸುತ್ತಿದ ಬಟ್ಟೆ ನೋಡಿದ. ಏನಾಯಿತು ಎಂದು ಕೇಳಲಿಲ್ಲ. ಅವನಿಗೆ ಗೊತ್ತಾಗಿ ಹೋಗಿತ್ತು.

"ಎಡಗಾಲಿ ಏನ್ರಿ ಮಾವಾ?"

"ಹೂಂನಪಾ, ಎಡಗಾಲಿ."

"ಭಾಳ ಬಿಸಿ ಇತ್ತೇನ್ರಿ?"

"ಭಾಳಿತ್ತು. ಹತ್ತಿದೋರ್ನ ಇಳಿಸಿದೆ."

"ಎಲ್ಲಾರ್ನೂ ಇಳಿಸಿದ್ರಾ?"

ಅಪ್ಪ ಸರಳು ಹಿಡಿದುಕೊಂಡು ನಿಂತ.

"ಎಲ್ಲಾರ್ನೂ ಇಳಿಸಿದೆ ಅಳಿಯಾ," ಎಂದ. "ಹೊನ್ನೂರಮ್ಮನ ಒಬ್ಬಾಕಿನ್ನ ಬಿಟ್ಟು."

ಹೊತ್ತು ಮುಗಿಯಿತು ಎಂದು ವಾರ್ಡರ್ ಕೂಗಿದ. ಅಪ್ಪ ಸರಳು ಬಿಡಲಿಲ್ಲ. ನಾನೇ ಒಂದೊಂದಾಗಿ ಅವನ ಬೆರಳು ಬಿಡಿಸಿ, ಹೊರಗೆ ಕರೆದುಕೊಂಡು ಬಂದೆ.